ಸುಣ್ಣದ ಮಾತ್ರೆಯ ಲೆಕ್ಕ

ನಮ್ಮ ಅಕ್ಕ ಬಚ್ಚಲುಮನೆಯ ಹೊಸ್ತಿಲ ಬಳಿ ಜಾರಿ ಬಿದ್ದು ಎಡತೊಡೆಯ ಮೂಳೆ ಮುರಿದುಕೊಂಡಾಗ ಆಕೆಗೆ ೭೪ ವರ್ಷ. ಬಿದ್ದದ್ದು ಮೆಟ್ಟಿಲ ಮೇಲಿನಿಂದಲ್ಲ, ಅಟ್ಟದಿಂದಲ್ಲ, ನಿಂತ ನಿಲುವಿನಿಂದ. ಗಟ್ಟಿಯಾದ ಮೂಳೆ ಅಷ್ಟಕ್ಕೇ ಮುರಿಯುವುದಿಲ್ಲ. ಶಸ್ತ್ರಚಿಕಿತ್ಸೆ ಮುಗಿದ ಮಾರನೆಯ ದಿನ ವೈದ್ಯರು ನನ್ನನ್ನು ಪಕ್ಕಕ್ಕೆ ಕರೆದು, "ಇವರು ಕ್ಯಾಲ್ಸಿಯಂ ಏನಾದರೂ ತೆಗೆದುಕೊಳ್ಳುತ್ತಿದ್ದರೇ?" ಎಂದು ಕೇಳಿದರು.

ನಾನು ತುಸು ಹೆಮ್ಮೆಯಿಂದಲೇ, "ಆರು ವರ್ಷದಿಂದ ಒಂದು ದಿನವೂ ತಪ್ಪಿಸಿಲ್ಲ. ನಾನೇ ತಂದುಕೊಡುತ್ತಿದ್ದೆ" ಎಂದೆ.

"ಎಷ್ಟು?"

"ಸಾವಿರ ಮಿಲಿಗ್ರಾಂ."

"ಯಾವುದರ ಸಾವಿರ, ಮೇಷ್ಟ್ರೇ?"

ಶ್ರೋತೃಗಳೇ, ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ನಾನು ೩೨ ವರ್ಷ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪಾಠ ಹೇಳಿದವನು. ಒಂದು ಸಂಯುಕ್ತದಲ್ಲಿ ಒಂದು ಧಾತುವಿನ ಪಾಲು ಎಷ್ಟೆಂದು ಲೆಕ್ಕ ಹಾಕುವುದನ್ನು ಪ್ರತಿವರ್ಷವೂ ಜುಲೈ ತಿಂಗಳಲ್ಲಿ ಕರಿಹಲಗೆಯ ಮೇಲೆ ಬರೆದು ತೋರಿಸಿದವನು. ಆದರೆ ಔಷಧದ ಅಂಗಡಿಯ ಕಟ್ಟೆಯ ಮುಂದೆ ನಿಂತಾಗ ನಾನು ನೋಡಿದ್ದು ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿದ್ದ '೧೦೦೦' ಎಂಬ ಅಂಕಿಯನ್ನು ಮಾತ್ರ. ಅದರ ಕೆಳಗೆ, ಕನ್ನಡಕ ಹಾಕಿಕೊಂಡರೂ ಕಷ್ಟಪಟ್ಟು ಓದಬೇಕಾದ ಅಕ್ಷರದಲ್ಲಿ, 'ಕ್ಯಾಲ್ಸಿಯಂ ಸಿಟ್ರೇಟ್' ಎಂದಿತ್ತು.

ಸಾಮಾನ್ಯವಾಗಿ ಮಾತ್ರೆಗೆ ಬಳಸುವ ಕ್ಯಾಲ್ಸಿಯಂ ಸಿಟ್ರೇಟಿನ ಅಣುವಿನಲ್ಲಿ ಮೂರು ಕ್ಯಾಲ್ಸಿಯಂ ಪರಮಾಣುಗಳಿವೆ. ಒಂದೊಂದರ ತೂಕ ೪೦, ಒಟ್ಟು ೧೨೦. ಅದರೊಳಗೆ ಸೇರಿಕೊಂಡ ನೀರನ್ನೂ ಎಣಿಸಿದರೆ ಇಡೀ ಅಣುವಿನ ತೂಕ ಸುಮಾರು ೫೭೦. ಅಂದರೆ ನೂರಕ್ಕೆ ೨೧ ಪಾಲು ಮಾತ್ರ ಕ್ಯಾಲ್ಸಿಯಂ. ಉಳಿದುದೆಲ್ಲ ನಿಂಬೆಹುಳಿಯ ಅಂಶ ಮತ್ತು ನೀರು. ಅಕ್ಕ ಆರು ವರ್ಷ ನಿತ್ಯವೂ ನುಂಗಿದ್ದು ಸಾವಿರ ಮಿಲಿಗ್ರಾಂ ಕ್ಯಾಲ್ಸಿಯಂ ಅಲ್ಲ, ೨೧೦. ಒಂದು ದೊಡ್ಡ ಲೋಟ ಹಾಲಿನಲ್ಲಿರುವಷ್ಟು.

ಡಬ್ಬಿಯಲ್ಲಿ ಸುಳ್ಳೇನೂ ಇರಲಿಲ್ಲ ಎಂಬುದನ್ನು ಗಮನಿಸಬೇಕು. ಸಾವಿರ ಮಿಲಿಗ್ರಾಂ ಸಿಟ್ರೇಟ್ ಎಂದು ಹೇಳಿತ್ತು, ಸಾವಿರ ಮಿಲಿಗ್ರಾಂ ಸಿಟ್ರೇಟೇ ಇತ್ತು. ಓದಬೇಕಾದವನು ಓದಲಿಲ್ಲ, ಅಷ್ಟೆ. ಆ ಲೆಕ್ಕ ಸರಿಯಾಗಿದ್ದಿದ್ದರೆ ಅಕ್ಕನ ಮೂಳೆ ಮುರಿಯುತ್ತಲೇ ಇರಲಿಲ್ಲ ಎಂದು ನಾನು ಹೇಳಲಾರೆ. ಹಾಗೆ ಹೇಳುವುದಕ್ಕೆ ಆಧಾರವಿಲ್ಲ. ಆದರೆ ಆ ದಿನದಿಂದ ಈ ಮಾತ್ರೆಗಳ ವಿಚಾರವನ್ನು ಪಾಠದ ಹಾಗೆ ಕುಳಿತು ಓದಿದೆ. ಓದಿ ತಿಳಿದುದರಲ್ಲಿ ಮನೆಯಲ್ಲಿ ವಯಸ್ಸಾದವರಿರುವ ನಿಮಗೆ ಉಪಯೋಗವಾಗಬಹುದಾದಷ್ಟನ್ನು ಇಲ್ಲಿ ಹೇಳುತ್ತೇನೆ.

ಮೊದಲು ಮೂಳೆಯ ವಿಷಯ. ನಾವು ಹುಟ್ಟಿದ್ದು ಪಾವಗಡ ಸೀಮೆಯ ಹಳ್ಳಿಯೊಂದರಲ್ಲಿ. ನಮ್ಮ ಬಾಲ್ಯದಲ್ಲಿ ರಾಗಿಯನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರು. ಹಗೇವೆಂದರೆ ನೆಲದೊಳಗಿನ ಕಣಜ. ಬಾಯಿ ಕಿರಿದು, ಒಳಗೆ ವಿಶಾಲ. ಅಡುಗೆಮನೆಯ ಮಡಕೆಯಲ್ಲಿ ರಾಗಿ ತೀರಿದಾಗ ಹಗೇವಿನ ಬಾಯಿ ತೆಗೆದು ಒಂದಿಷ್ಟು ಮೇಲೆತ್ತುವುದು ಪದ್ಧತಿ. ಮಡಕೆ ಯಾವಾಗಲೂ ತುಂಬಿರುತ್ತಿತ್ತಾದ್ದರಿಂದ ಮನೆಗೆ ಬಂದವರಿಗೆ ಹಗೇವು ಎಷ್ಟು ಬರಿದಾಗಿದೆ ಎಂಬುದು ತಿಳಿಯುತ್ತಿರಲಿಲ್ಲ. ನಮ್ಮ ದೇಹದ ವ್ಯವಸ್ಥೆಯೂ ಬಹುಮಟ್ಟಿಗೆ ಹೀಗೆಯೇ. ಬೆಳೆದ ಮನುಷ್ಯನ ಮೈಯಲ್ಲಿ ಸುಮಾರು ಒಂದು ಕಿಲೋಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಅದರಲ್ಲಿ ನೂರಕ್ಕೆ ೯೯ ಪಾಲು ಮೂಳೆ ಮತ್ತು ಹಲ್ಲುಗಳಲ್ಲಿ. ಉಳಿದ ಒಂದು ಪಾಲು ರಕ್ತದಲ್ಲಿ, ಸ್ನಾಯುಗಳಲ್ಲಿ, ಜೀವಕೋಶಗಳಲ್ಲಿ. ಈ ಒಂದು ಪಾಲು ಕೊಂಚ ಏರುಪೇರಾದರೂ ಹೃದಯದ ಬಡಿತವೇ ತಪ್ಪೀತು. ಆದ್ದರಿಂದ ದೇಹವು ರಕ್ತದ ಕ್ಯಾಲ್ಸಿಯಮ್ಮನ್ನು ಬಹಳ ಕಟ್ಟುನಿಟ್ಟಾಗಿ ಕಾಯುತ್ತದೆ. ಊಟದಿಂದ ಸಾಲದೆ ಬಂದರೆ ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯಿಡ್ ಎಂಬ ಪುಟ್ಟ ಗ್ರಂಥಿಗಳು ಎಚ್ಚತ್ತು ಮೂಳೆಯಿಂದ ಕ್ಯಾಲ್ಸಿಯಂ ತೆಗೆಸುತ್ತವೆ. ಹೀಗೆ ವರ್ಷಗಟ್ಟಲೆ ಹಗೇವು ಖಾಲಿಯಾಗುತ್ತಿದ್ದರೂ ರಕ್ತ ಪರೀಕ್ಷೆಯಲ್ಲಿ ಕ್ಯಾಲ್ಸಿಯಂ 'ಸರಿಯಾಗಿದೆ' ಎಂದೇ ಬರುತ್ತದೆ. ನಮ್ಮಕ್ಕನದೂ ಸರಿಯಾಗಿಯೇ ಇತ್ತು. ಅದನ್ನು ನೋಡಿ ನಾನು ನಿಶ್ಚಿಂತನಾಗಿದ್ದೆ.

ಇನ್ನೊಂದು ಮಾತನ್ನೂ ಇಲ್ಲಿಯೇ ಹೇಳಬೇಕು. ಮೂಳೆ ಬರಿಯ ಸುಣ್ಣವಲ್ಲ. ತರಗತಿಯಲ್ಲಿ ನಾನು ಕೋಳಿಯ ಕಾಲಿನ ಮೂಳೆಯೊಂದನ್ನು ತೆಳು ಆಮ್ಲದಲ್ಲಿ ಕೆಲವು ದಿನ ನೆನೆಹಾಕಿ ಹುಡುಗರಿಗೆ ತೋರಿಸುತ್ತಿದ್ದೆ. ಸುಣ್ಣದ ಅಂಶ ಕರಗಿಹೋದ ಮೇಲೆ ಮೂಳೆಯ ಆಕಾರ ಹಾಗೆಯೇ ಉಳಿದಿರುತ್ತದೆ, ಆದರೆ ರಬ್ಬರಿನಂತೆ ಬಾಗುತ್ತದೆ. ಉಳಿದದ್ದು ಕೊಲಾಜೆನ್ ಎಂಬ ಪ್ರೋಟೀನು. ಇನ್ನೊಂದು ಮೂಳೆಯನ್ನು ಸುಟ್ಟರೆ ಪ್ರೋಟೀನು ಹೋಗಿ ಸುಣ್ಣ ಉಳಿಯುತ್ತದೆ. ಅದನ್ನು ಬೆರಳಿನಿಂದ ಅದುಮಿದರೆ ಪುಡಿಯಾಗುತ್ತದೆ. ಬೇಳೆ ಕಾಳು ಹಾಲು ಮೊಟ್ಟೆಗಳಿಲ್ಲದ ತಟ್ಟೆಯ ಪಕ್ಕದಲ್ಲಿ ಕ್ಯಾಲ್ಸಿಯಂ ಮಾತ್ರೆಯನ್ನಿಟ್ಟರೆ ಎಷ್ಟು ಫಲ ಎಂಬುದನ್ನು ಇದರಿಂದ ಊಹಿಸಬಹುದು.

ಹಾಗಾದರೆ ದಿನಕ್ಕೆ ಎಷ್ಟು ಬೇಕು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಮೂಲಕ ೨೦೨೦ರಲ್ಲಿ ಪ್ರಕಟಿಸಿದ ಪಟ್ಟಿಯಂತೆ ವಯಸ್ಕರಿಗೆ ೧೦೦೦ ಮಿಲಿಗ್ರಾಂ. ಮುಟ್ಟು ನಿಂತ ಹೆಂಗಸರಿಗೆ ಮತ್ತು ಅರವತ್ತು ದಾಟಿದವರಿಗೆ ೧೨೦೦. ಇದಕ್ಕೆ ಹಿಂದೆ, ೨೦೧೦ರ ಪಟ್ಟಿಯಲ್ಲಿ, ವಯಸ್ಕರಿಗೆ ೬೦೦ ಎಂದಿತ್ತು. ಈ ಅಂಕಿ ಪೂರಕ ಮಾತ್ರೆಯದಲ್ಲ, ದಿನದ ಒಟ್ಟು ಮೊತ್ತದ್ದು ಎಂಬುದನ್ನು ಬಹಳ ಜನ ಮರೆಯುತ್ತಾರೆ. ಮಾತ್ರೆಯ ಹೆಸರೇ 'ಪೂರಕ'. ಏನನ್ನು ಪೂರೈಸಬೇಕೆಂದು ತಿಳಿಯದೆ ಪೂರಕವನ್ನು ಆರಿಸುವುದು ಹೇಗೆ? ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಅಡುಗೆಮನೆಗೆ ಹೋಗಬೇಕು.

ಅಕ್ಕನ ಮಗಳನ್ನು ಕೂರಿಸಿಕೊಂಡು ನಾನು ಆ ಲೆಕ್ಕವನ್ನು ಬರೆದೆ. ಹಳ್ಳಿಯಲ್ಲಿದ್ದಾಗ ಅಕ್ಕ ಎರಡು ಹೊತ್ತು ಮುದ್ದೆ ಉಂಡವಳು. ನೂರು ಗ್ರಾಂ ರಾಗಿಯಲ್ಲಿ ಸುಮಾರು ೩೬೦ ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಗೋಧಿಯಲ್ಲಿ ಅದರ ಹತ್ತರಲ್ಲೊಂದು ಪಾಲಿನ ಆಸುಪಾಸು, ಅಕ್ಕಿಯಲ್ಲಿ ಅದಕ್ಕಿಂತಲೂ ಬಹಳ ಕಡಿಮೆ. ಮಗಳ ಮನೆಗೆ ಬೆಂಗಳೂರಿಗೆ ಬಂದ ಮೇಲೆ ಮುದ್ದೆ ನಿಂತಿತು. ಮಕ್ಕಳು ತಿನ್ನುವುದಿಲ್ಲ, ಒಬ್ಬಳಿಗಾಗಿ ತೊಳಸುವವರು ಯಾರು? ಅನ್ನ, ಚಪಾತಿ, ಎರಡು ಹೊತ್ತು ಕಾಫಿ, ರಾತ್ರಿ ನೀರುಮಜ್ಜಿಗೆ. ಕಾಫಿಯ ಹಾಲು ಮತ್ತು ಮಧ್ಯಾಹ್ನದ ಒಂದು ಬಟ್ಟಲು ಮೊಸರಿನಿಂದ ೩೫೦ರಷ್ಟು, ಬೇಳೆ ತರಕಾರಿಗಳಿಂದ ಇನ್ನೊಂದು ೧೦೦. ಮಾತ್ರೆಯ ೨೧೦ ಸೇರಿಸಿದರೂ ೭೦೦ ಮುಟ್ಟುವುದಿಲ್ಲ. ಸಾಲದೆ ಬಂದ ಮಿಕ್ಕ ಐನೂರನ್ನು ಮೂಳೆಯೇ ತುಂಬಿತೆಂದು ಲೆಕ್ಕದಂತೆ ಹೇಳಲಾಗುವುದಿಲ್ಲ. ಊಟದ ಕ್ಯಾಲ್ಸಿಯಂ ಕಡಿಮೆಯಾದಾಗ ಕರುಳು ಹೆಚ್ಚು ಪಾಲನ್ನು ಹೀರಿಕೊಂಡು ಸರಿದೂಗಿಸಲು ನೋಡುತ್ತದೆ. ಆದರೆ ವಯಸ್ಸಾದಂತೆ ಕರುಳಿನ ಆ ಶಕ್ತಿಯೂ ಕುಗ್ಗುತ್ತದೆ.

ಸೊಪ್ಪಿನ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ಪುಸ್ತಕದಲ್ಲಿರುವ ಅಂಕಿಯೆಲ್ಲ ಹೊಟ್ಟೆಯಲ್ಲಿ ಸಿಗುವುದಿಲ್ಲ. ಪಾಲಕ್ ಸೊಪ್ಪಿನ ಕ್ಯಾಲ್ಸಿಯಂ ಆಕ್ಸಲೇಟಿನೊಡನೆ ಬಿಗಿದುಕೊಂಡಿರುವುದರಿಂದ ಇಪ್ಪತ್ತರಲ್ಲಿ ಒಂದು ಪಾಲು ಮಾತ್ರ ದೇಹಕ್ಕೆ ದಕ್ಕುತ್ತದೆ. ಹಾಲಿನದು ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು. ರಾಗಿಯಲ್ಲಿ ಫೈಟೇಟ್ ಎಂಬ ಅಂಶ ಸ್ವಲ್ಪ ಅಡ್ಡ ಬರುತ್ತದೆ. ಮೊಳಕೆ ಕಟ್ಟಿ ಒಣಗಿಸಿ ಬೀಸಿದರೆ ಅದು ಕಡಿಮೆಯಾಗುತ್ತದೆ. ಕೂಸುಗಳಿಗೆ ರಾಗಿಸರಿ ಮಾಡುವಾಗ ನಮ್ಮ ಅಜ್ಜಿಯರು ಇದನ್ನೇ ಮಾಡುತ್ತಿದ್ದರು. ಯಾವ ಪುಸ್ತಕವನ್ನೂ ಓದದೆ.

ಇಷ್ಟಾದ ಮೇಲೂ ಕೊರತೆ ಉಳಿದರೆ ಮಾತ್ರೆ. ಅಂಗಡಿಯಲ್ಲಿ ಮುಖ್ಯವಾಗಿ ಸಿಗುವುದು ಎರಡು ಬಗೆ. ಒಂದು ಕಾರ್ಬೊನೇಟ್, ಅಂದರೆ ಸುಣ್ಣದ ಕಲ್ಲಿನ, ಕಪ್ಪೆಚಿಪ್ಪಿನ ಅದೇ ವಸ್ತು. ಇದರ ಲೆಕ್ಕ ಮಕ್ಕಳೂ ಮಾಡಬಹುದು: ಕ್ಯಾಲ್ಸಿಯಂ ೪೦, ಇಂಗಾಲ ೧೨, ಮೂರು ಆಮ್ಲಜನಕ ೪೮, ಒಟ್ಟು ನೂರು. ನೂರಕ್ಕೆ ನಲವತ್ತು ಪಾಲು ಕ್ಯಾಲ್ಸಿಯಂ. ೧೨೫೦ ಮಿಲಿಗ್ರಾಂ ಕಾರ್ಬೊನೇಟ್ ಎಂದಿದ್ದರೆ ೫೦೦ ಕ್ಯಾಲ್ಸಿಯಂ ಎಂದರ್ಥ. ಇದು ಅಗ್ಗ, ಮಾತ್ರೆಯೂ ಕಡಿಮೆ ಸಾಕು. ಆದರೆ ಕರಗುವುದಕ್ಕೆ ಹೊಟ್ಟೆಯ ಆಮ್ಲ ಬೇಕು. ಆದ್ದರಿಂದ ಊಟದ ಜೊತೆಯಲ್ಲಿಯೇ ತೆಗೆದುಕೊಳ್ಳಬೇಕು. ಕರಗುವಾಗ ಇಂಗಾಲಾಮ್ಲ ಅನಿಲ ಹೊರಡುತ್ತದೆ. ಕೆಲವರಿಗೆ ತೇಗು, ಹೊಟ್ಟೆಯುಬ್ಬರ, ಮಲಬದ್ಧತೆ. ಇನ್ನೊಂದು ಸಿಟ್ರೇಟ್. ಇದಕ್ಕೆ ಆಮ್ಲದ ಹಂಗಿಲ್ಲ. ಊಟಕ್ಕೆ ಮುಂಚೆಯೂ ಆದೀತು, ಅನಂತರವೂ ಆದೀತು. ಹೊಟ್ಟೆಯುರಿಗೆಂದು ಆಮ್ಲ ತಗ್ಗಿಸುವ ಮಾತ್ರೆಯನ್ನು ನಿತ್ಯ ನುಂಗುವವರಿಗೆ ಇದೇ ಸರಿ. ಆದರೆ ಬೆಲೆ ಹೆಚ್ಚು, ಕ್ಯಾಲ್ಸಿಯಂ ಕಡಿಮೆ. ಇವೆರಡರಲ್ಲದೆ ಲ್ಯಾಕ್ಟೇಟಿನಲ್ಲಿ ೧೩ ಪಾಲು, ಗ್ಲೂಕೊನೇಟಿನಲ್ಲಿ ೯ ಪಾಲು ಮಾತ್ರ. ಮೂಳೆಯ ಕೊರತೆ ತುಂಬುವುದಕ್ಕೆ ಅವನ್ನು ಹಿಡಿ ಹಿಡಿಯಾಗಿ ತಿನ್ನಬೇಕಾದೀತು.

ಡಬ್ಬಿಯನ್ನು ತಿರುಗಿಸಿ ಹಿಂಬದಿಯಲ್ಲಿ 'ಎಲಿಮೆಂಟಲ್ ಕ್ಯಾಲ್ಸಿಯಂ' ಎಂಬ ಮಾತನ್ನು ಹುಡುಕಿರಿ. ಅದರ ಮುಂದಿರುವ ಅಂಕಿಯೇ ನಿಮಗೆ ಬೇಕಾದದ್ದು. ಆ ಅಂಕಿ ಒಂದು ಮಾತ್ರೆಯದೋ, ಎರಡು ಮಾತ್ರೆ ಸೇರಿದ ಒಂದು ಸಲದ ಪ್ರಮಾಣದ್ದೋ ಎಂಬುದನ್ನೂ ನೋಡಿರಿ. ಒಂದೇ ಸಲಕ್ಕೆ ೫೦೦ಕ್ಕಿಂತ ಹೆಚ್ಚು ಬೇಡ. ಪ್ರಮಾಣ ಹೆಚ್ಚಿದಷ್ಟೂ ಕರುಳು ಹೀರುವ ಪಾಲು ಕಡಿಮೆಯಾಗುತ್ತದೆ.

ಹವಳದ ಕ್ಯಾಲ್ಸಿಯಂ, ಮುತ್ತಿನ ಕ್ಯಾಲ್ಸಿಯಂ ಎಂದು ಬಣ್ಣದ ಡಬ್ಬಿಗಳಲ್ಲಿ ಬರುವುದೂ ರಾಸಾಯನಿಕವಾಗಿ ಬಹುಪಾಲು ಅದೇ ಕಾರ್ಬೊನೇಟ್. ಶಂಖವೂ ಅದೇ. ಹೆಸರು ಸಮುದ್ರದಷ್ಟು ದೊಡ್ಡದಾದರೆ ಬೆಲೆಯೂ ದೊಡ್ಡದಾಗುತ್ತದೆ, ಕ್ಯಾಲ್ಸಿಯಂ ಪರಮಾಣು ಮಾತ್ರ ದೊಡ್ಡದಾಗುವುದಿಲ್ಲ. ನಮ್ಮ ತಾಯಿ ಎಲೆಯಡಿಕೆಗೆ ಹಚ್ಚಿಕೊಳ್ಳುತ್ತಿದ್ದ ಸುಣ್ಣದಲ್ಲಿಯೂ ಕ್ಯಾಲ್ಸಿಯಂ ಇತ್ತು. ಅದನ್ನು ಕೆಲವರು ಈಗಲೂ ವಾದಕ್ಕೆ ತರುತ್ತಾರೆ. ಆದರೆ ಅದರೊಡನೆ ಬರುವ ಅಡಿಕೆ ಬಾಯಿಯ ಕ್ಯಾನ್ಸರಿಗೆ ಕಾರಣವೆಂಬುದು ಸಿದ್ಧವಾಗಿರುವಾಗ ಆ ದಾರಿಯಿಂದ ಮೂಳೆಗೆ ಸುಣ್ಣ ಸಾಗಿಸಬೇಕಾಗಿಲ್ಲ.

ಇನ್ನು ಡಿ ಜೀವಸತ್ವ. ಕರುಳಿನಿಂದ ಕ್ಯಾಲ್ಸಿಯಂ ಒಳಗೆ ಬರಬೇಕಾದರೆ ಬಾಗಿಲು ತೆಗೆಯುವುದು ಇದು. ನಿಜವಾಗಿ ಇದನ್ನು ಜೀವಸತ್ವ ಎನ್ನುವುದೇ ಅಷ್ಟು ಸರಿಯಲ್ಲ. ಬಿಸಿಲು ಬಿದ್ದರೆ ನಮ್ಮ ಚರ್ಮವೇ ಅದನ್ನು ತಯಾರಿಸಿಕೊಳ್ಳುತ್ತದೆ. ೧೯೧೯ರಲ್ಲಿ ಬರ್ಲಿನ್ನಿನ ಕುರ್ಟ್ ಹುಲ್ಡ್‌ಶಿನ್ಸ್ಕಿ ಎಂಬ ವೈದ್ಯರು, ಮೂಳೆ ಬಾಗಿದ ಮಕ್ಕಳನ್ನು ಪಾದರಸದ ದೀಪದ ನೇರಳಾತೀತ ಕಿರಣಗಳಿಗೆ ಒಡ್ಡಿ ಗುಣಪಡಿಸಿದರು. ಒಂದು ತೋಳಿಗೆ ಮಾತ್ರ ಬೆಳಕು ಬಿಟ್ಟರೂ ಇನ್ನೊಂದು ತೋಳಿನ ಮೂಳೆಯೂ ಗಟ್ಟಿಯಾದುದನ್ನು ಅವರು ಕಂಡರು. ಚರ್ಮದಲ್ಲಿ ಏನೋ ಹುಟ್ಟಿ ರಕ್ತದಲ್ಲಿ ಹರಿಯುತ್ತದೆ ಎಂಬುದಕ್ಕೆ ಅದಕ್ಕಿಂತ ಸರಳವಾದ ಸಾಕ್ಷಿ ಬೇಕಿಲ್ಲ.

ಬಿಸಿಲಿನ ನಾಡಾದ ನಮ್ಮಲ್ಲಿ ಇದರ ಕೊರತೆಯೇಕೆ ಎಂದು ಕೇಳಬಹುದು. ಅಕ್ಕನಿಗೆ ಬಿಸಿಲು ಕಾಯುವ ಅಭ್ಯಾಸವಿತ್ತು. ಬೆಳಗ್ಗೆ ಏಳು ಗಂಟೆಗೆ, ಮೈತುಂಬ ಸೆರಗು ಹೊದ್ದು, ಗಾಜಿನ ಕಿಟಕಿಯ ಒಳಗಡೆ ಕುಳಿತು! ಬೇಕಾದ ಕಿರಣ ಎಳೆಬಿಸಿಲಿನಲ್ಲಿ ಇರುವುದಿಲ್ಲವೆಂದೇ ಹೇಳಬೇಕು. ಇದ್ದರೂ ಗಾಜು ಅದನ್ನು ತಡೆಯುತ್ತದೆ. ಗಾಜು ಬಿಟ್ಟರೂ ಸೀರೆ ತಡೆಯುತ್ತದೆ. ನಮ್ಮ ನೆರಳು ನಮಗಿಂತ ಗಿಡ್ಡವಾಗಿರುವ ಹೊತ್ತಿನ ಬಿಸಿಲು ಈ ಕೆಲಸಕ್ಕೆ ಬೇಕು. ಮುಖ ಮತ್ತು ಮೊಣಕೈವರೆಗಿನ ತೋಳಿನ ಮೇಲೆ, ಚರ್ಮ ಸುಡದಷ್ಟು ಕಾಲ ಸಾಕು. ಕಪ್ಪು ಚರ್ಮಕ್ಕೆ ಹೆಚ್ಚು ಹೊತ್ತು ಬೇಕು, ಮುದಿ ಚರ್ಮಕ್ಕೆ ಇನ್ನೂ ಹೆಚ್ಚು.

ಪಟ್ಟಿಯ ಪ್ರಕಾರ ವಯಸ್ಕರಿಗೆ ದಿನಕ್ಕೆ ೬೦೦ ಯೂನಿಟ್, ವೃದ್ಧರಿಗೆ ೮೦೦. ನಾಲ್ಕು ಸಾವಿರದ ಮೇಲೆ ವೈದ್ಯರ ಉಸ್ತುವಾರಿಯಿಲ್ಲದೆ ನಿತ್ಯ ಹೋಗಬಾರದು. ಆದರೆ ನಮ್ಮಲ್ಲಿ ಬಳಕೆಯಲ್ಲಿರುವ ಪುಡಿಯ ಪೊಟ್ಟಣದಲ್ಲಿ ೬೦,೦೦೦ ಯೂನಿಟ್ ಇರುತ್ತದೆ, ಎಂದರೆ ಎಂಟುನೂರರ ಲೆಕ್ಕದಲ್ಲಿ ೭೫ ದಿನಗಳ ಪಾಲು. ಕೊರತೆ ಖಚಿತವಾದವರಿಗೆ ವಾರಕ್ಕೊಂದರಂತೆ ಕೆಲವು ವಾರ ಕೊಟ್ಟು ನಿಲ್ಲಿಸುವ ಔಷಧ ಅದು. ನನಗೆ ಪರಿಚಿತರಾದ ನಿವೃತ್ತ ಗುಮಾಸ್ತರೊಬ್ಬರು ಚೀಟಿಯನ್ನು ತಪ್ಪಾಗಿ ಓದಿಕೊಂಡು ದಿನಕ್ಕೊಂದು ಪೊಟ್ಟಣವನ್ನು ಹಾಲಿಗೆ ಹಾಕಿಕೊಂಡು ಎರಡು ತಿಂಗಳು ಕುಡಿದರು. ವಾಂತಿ, ತಡೆಯಲಾರದ ಬಾಯಾರಿಕೆ, ಮಾತಿನಲ್ಲಿ ಗೊಂದಲ. ಕೊನೆಗೆ ಆಸ್ಪತ್ರೆಯಲ್ಲಿ ನೋಡಿದಾಗ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡ ಕೆಟ್ಟಿತ್ತು. ನೀರಿನಲ್ಲಿ ಕರಗುವ ಬಿ, ಸಿ ಜೀವಸತ್ವಗಳ ಹಾಗೆ ಇದು ಮೂತ್ರದಲ್ಲಿ ಹೊರಟುಹೋಗುವುದಿಲ್ಲ, ಕೊಬ್ಬಿನಲ್ಲಿ ಕೂಡಿಕೊಳ್ಳುತ್ತದೆ. ಆಸ್ಟ್ರೇಲಿಯಾದಲ್ಲಿ ೭೦ ದಾಟಿದ ೨,೨೫೬ ಹೆಂಗಸರ ಮೇಲೆ ನಡೆದು ೨೦೧೦ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಅರ್ಧದಷ್ಟು ಜನರಿಗೆ ವರ್ಷಕ್ಕೊಮ್ಮೆ ಐದು ಲಕ್ಷ ಯೂನಿಟ್ ಕೊಟ್ಟರು. ಬೀಳುವುದು, ಮೂಳೆ ಮುರಿಯುವುದು ಕಡಿಮೆಯಾದೀತೆಂಬ ನಿರೀಕ್ಷೆ. ಆದದ್ದು ವಿಪರೀತ: ಔಷಧ ಪಡೆದವರೇ ಹೆಚ್ಚು ಬಿದ್ದರು, ಹೆಚ್ಚು ಮುರಿದುಕೊಂಡರು.

ಶಾಕಾಹಾರಿಗಳು ಒಂದು ಪ್ರಶ್ನೆ ಕೇಳುವುದುಂಟು. ಡಿ-೩ ಎಂಬುದನ್ನು ಸಾಮಾನ್ಯವಾಗಿ ಕುರಿಯ ಉಣ್ಣೆಯ ಜಿಡ್ಡಿನಿಂದ ತಯಾರಿಸುತ್ತಾರೆ, ಕುರಿಯನ್ನು ಕೊಲ್ಲಬೇಕಾಗಿಲ್ಲ. ಡಿ-೨ ಬೂಷ್ಟು, ಅಣಬೆಗಳ ಮೂಲದ್ದು. ಕ್ಯಾಪ್ಸೂಲಿನ ಹೊದಿಕೆ ಮಾತ್ರ ಪ್ರಾಣಿಮೂಲದ ಜೆಲಟಿನ್ ಆಗಿರಬಹುದು. ಬೇಡದವರು ಕೇಳಿ ತೆಗೆದುಕೊಳ್ಳಬಹುದು.

ಪೂರಕಗಳಿಂದ ಮೂಳೆ ಮುರಿಯುವುದು ನಿಜವಾಗಿ ತಪ್ಪುತ್ತದೆಯೇ? ಇದರ ಬಗ್ಗೆ ಎರಡು ದೊಡ್ಡ ಪ್ರಯೋಗಗಳನ್ನು ಅಕ್ಕಪಕ್ಕ ಇಟ್ಟು ನೋಡುವುದು ಒಳ್ಳೆಯದು. ೧೯೯೨ರಲ್ಲಿ ಫ್ರಾನ್ಸಿನಿಂದ ಬಂದ ವರದಿಯಲ್ಲಿ ೩,೨೭೦ ವೃದ್ಧೆಯರು, ಸರಾಸರಿ ವಯಸ್ಸು ೮೪. ಹೆಚ್ಚಿನವರು ಬಿಸಿಲಿಗೆ ಬರದವರು. ಊಟದಿಂದ ಸಿಗುತ್ತಿದ್ದ ಕ್ಯಾಲ್ಸಿಯಂ ಸುಮಾರು ೫೦೦ ಮಿಲಿಗ್ರಾಂ, ನಮ್ಮಕ್ಕನಷ್ಟೆ. ಅರ್ಧ ಜನರಿಗೆ ನಿತ್ಯ ೧೨೦೦ ಮಿಲಿಗ್ರಾಂ ಕ್ಯಾಲ್ಸಿಯಂ ಮತ್ತು ೮೦೦ ಯೂನಿಟ್ ಡಿ ಕೊಟ್ಟಾಗ, ಒಂದೂವರೆ ವರ್ಷ ತಪ್ಪದೆ ತೆಗೆದುಕೊಂಡವರಲ್ಲಿ ಸೊಂಟದ ಮೂಳೆ ಮುರಿತ ನೂರಕ್ಕೆ ೪೩ರಷ್ಟು ಕಡಿಮೆಯಾಯಿತು. ೨೦೦೬ರಲ್ಲಿ ಅಮೆರಿಕದಿಂದ ಬಂದ ವರದಿಯಲ್ಲಿ ಮುಟ್ಟು ನಿಂತ ೩೬,೨೮೨ ಹೆಂಗಸರು, ಏಳು ವರ್ಷ. ಸೊಂಟದ ಮೂಳೆಯ ಸಾಂದ್ರತೆ ನೂರಕ್ಕೆ ಒಂದರಷ್ಟು ಹೆಚ್ಚಿತು. ಮುರಿತದಲ್ಲಿ ನೆಚ್ಚಬಹುದಾದ ವ್ಯತ್ಯಾಸ ಕಾಣಲಿಲ್ಲ. ಮೂತ್ರಪಿಂಡದ ಕಲ್ಲು ಮಾತ್ರ ನೂರಕ್ಕೆ ೧೭ರಷ್ಟು ಹೆಚ್ಚಾಯಿತು. ಇವು ಪರಸ್ಪರ ವಿರುದ್ಧವೆಂದು ಮೊದಲು ತೋರುತ್ತದೆ. ಆದರೆ ಆ ಅಮೆರಿಕದ ಹೆಂಗಸರಿಗೆ ಪ್ರಯೋಗದ ಆರಂಭದಲ್ಲಿಯೇ ದಿನಕ್ಕೆ ಸುಮಾರು ೧೧೫೦ ಮಿಲಿಗ್ರಾಂ ಸಿಗುತ್ತಿತ್ತು. ತುಂಬಿದ ಹಗೇವಿಗೆ ಮತ್ತೆ ಸುರಿದರೆ ನೆಲದ ಮೇಲೆ ಚೆಲ್ಲುತ್ತದೆ. ೨೦೨೨ರಲ್ಲಿ ಪ್ರಕಟವಾದ, ೨೫,೮೭೧ ಜನರ ಇನ್ನೊಂದು ಅಮೆರಿಕನ್ ಪ್ರಯೋಗವೂ ಇದನ್ನೇ ಹೇಳಿತು: ಕೊರತೆಯಿದೆಯೋ ಇಲ್ಲವೋ ನೋಡದೆ ಆರೋಗ್ಯವಂತರಿಗೆಲ್ಲ ದಿನವೂ ೨೦೦೦ ಯೂನಿಟ್ ಡಿ ಕೊಟ್ಟರೆ ಮೂಳೆ ಮುರಿತ ಕಡಿಮೆಯಾಗುವುದಿಲ್ಲ.

ಕಲ್ಲಿನ ಮಾತು ಬಂದದ್ದರಿಂದ ಹೇಳುತ್ತೇನೆ: ಕಲ್ಲಾದವರು ಹೆದರಿ ಮೊಸರು ಬಿಡುವುದು ತಪ್ಪು. ಊಟದೊಡನೆ ಬರುವ ಕ್ಯಾಲ್ಸಿಯಂ ಕರುಳಿನಲ್ಲಿಯೇ ಆಕ್ಸಲೇಟನ್ನು ಹಿಡಿದು ಹೊರಗೆ ಸಾಗಿಸುತ್ತದೆ. ಅವರು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದ್ದು ಮಾತ್ರೆಯನ್ನು. ಮಾತ್ರೆಯಿಂದ ಹೃದಯಕ್ಕೆ ತೊಂದರೆಯೇ ಎಂಬ ವಾದ ವಿದ್ವಾಂಸರಲ್ಲಿ ಇನ್ನೂ ಮುಗಿದಿಲ್ಲ. ಅದೂ ಬೇಕಾದಷ್ಟೇ ತೆಗೆದುಕೊಳ್ಳುವುದಕ್ಕೆ ಒಂದು ಕಾರಣ.

ಮೂಳೆಗೆ ಯಾವ ಖನಿಜವಾದರೂ ಆಗಲಿ, ಹೆಚ್ಚು ಸೇರಿದಷ್ಟೂ ಒಳ್ಳೆಯದೆಂಬ ನಂಬಿಕೆಗೆ ನಮ್ಮ ಪಾವಗಡದ ಕಡೆಯೇ ಉತ್ತರವಿದೆ. ಅಲ್ಲಿನ ನೆಲದಡಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ನನ್ನ ಹಲ್ಲಿನ ಮೇಲೂ ಅಕ್ಕನ ಹಲ್ಲಿನ ಮೇಲೂ ಕಂದು ಕಲೆಗಳಿವೆ. ನೆಲ್ಲೂರು ಜಿಲ್ಲೆಯಲ್ಲಿ ಇಂಥ ನೀರಿನಿಂದ ಜನರ ಬೆನ್ನು ಬಗ್ಗದೆ ಸೆಟೆದುಹೋಗುವುದನ್ನು ೧೯೩೭ರಲ್ಲಿಯೇ ವೈದ್ಯರು ವರದಿ ಮಾಡಿದ್ದರು. ಎಕ್ಸ್‌ರೇಯಲ್ಲಿ ಇಂಥವರ ಬೆನ್ನುಮೂಳೆ ಸೀಮೆಸುಣ್ಣದಂತೆ ಅಚ್ಚ ಬಿಳುಪಾಗಿ, ಬಹಳ ದಟ್ಟವಾಗಿ ಕಾಣುತ್ತದೆ. ಇದನ್ನು ಕಂಡವರಿಗೆ, ಟೊಳ್ಳಾದ ಮೂಳೆಗೆ ಫ್ಲೋರೈಡನ್ನೇ ಔಷಧವಾಗಿ ಏಕೆ ಕೊಡಬಾರದು ಎಂಬ ಯೋಚನೆ ಬಂದದ್ದು ಸಹಜ. ಅಮೆರಿಕದ ಮೇಯೊ ಕ್ಲಿನಿಕ್ಕಿನವರು ೨೦೨ ಹೆಂಗಸರ ಮೇಲೆ ನಾಲ್ಕು ವರ್ಷ ಪ್ರಯೋಗ ಮಾಡಿ ೧೯೯೦ರಲ್ಲಿ ಫಲಿತಾಂಶ ಪ್ರಕಟಿಸಿದರು. ಬೆನ್ನುಮೂಳೆಯ ಸಾಂದ್ರತೆ ನೂರಕ್ಕೆ ೩೫ರಷ್ಟು ಏರಿತ್ತು. ಯಾವ ಔಷಧ ಕಂಪನಿಯೂ ಕನಸು ಕಾಣುವ ಅಂಕಿ! ಆದರೆ ಬೆನ್ನುಮೂಳೆಯ ಮುರಿತ ಗಣನೀಯವಾಗಿ ಕಡಿಮೆಯಾಗಲಿಲ್ಲ. ಕೈಕಾಲು, ಸೊಂಟ ಮುಂತಾದ ಕಡೆಯ ಮುರಿತ ಮೂರು ಪಟ್ಟಾಯಿತು. ದಟ್ಟವಾದ ಮೂಳೆ ಗಟ್ಟಿಯಾದ ಮೂಳೆಯಾಗಿರಬೇಕಾಗಿಲ್ಲ. ಇಂಥ ನೀರಿನ ಊರುಗಳವರು ಕೊಳ್ಳಬೇಕಾದದ್ದು ಮಾತ್ರೆಗಿಂತ ಮೊದಲು ಶುದ್ಧವಾದ ನೀರು. ಜೊತೆಗೆ ಊಟದಲ್ಲಿ ಹಾಲು ಮೊಸರುಗಳಿದ್ದರೆ ಫ್ಲೋರೈಡಿನ ಹಾನಿಯೂ ತಗ್ಗುತ್ತದೆ.

ಉಳಿದ ಸರಕಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಮೆಗ್ನೀಷಿಯಂ, ಸತು, ಮ್ಯಾಂಗನೀಸ್, ಬೋರಾನ್ ಎಂದು ಹನ್ನೆರಡು ಹೆಸರುಗಳನ್ನು ಸಾಲಾಗಿ ಅಚ್ಚು ಹಾಕಿದ ಡಬ್ಬಿಯೇ ನನ್ನನ್ನು ಮರುಳು ಮಾಡಿದ್ದು. ಕಾಳು, ಇಡೀ ಧಾನ್ಯ, ಕಡಲೆಕಾಯಿ ತಿನ್ನುವವರಿಗೆ ಮೆಗ್ನೀಷಿಯಂ, ಸತು ಪ್ರತ್ಯೇಕವಾಗಿ ಬೇಕಾಗುವುದು ಅಪರೂಪ. ಬೋರಾನಿನಿಂದ ಮೂಳೆ ಮುರಿತ ತಪ್ಪಿತೆಂಬುದಕ್ಕೆ ಪುರಾವೆಯಿಲ್ಲ. ಈಚೆಗೆ ಬಹಳ ಪ್ರಚಾರದಲ್ಲಿರುವುದು ಕೆ-೨. ಕೆ ಜೀವಸತ್ವ ಮೂಳೆಯ ಒಂದು ಪ್ರೋಟೀನಿಗೆ ಬೇಕೆಂಬುದು ನಿಜ. ಆದರೆ ರಕ್ತ ಹೆಪ್ಪುಗಟ್ಟುವುದಕ್ಕೂ ಅದೇ ಬೇಕು. ವಾರ್ಫರಿನ್ ಮೊದಲಾದ ರಕ್ತ ತಿಳಿಯಾಗಿಸುವ ಔಷಧ ತೆಗೆದುಕೊಳ್ಳುವ ಹೃದ್ರೋಗಿ ಇದನ್ನು ತಿಳಿಯದೆ ನುಂಗಿದರೆ ಆ ಔಷಧದ ಕೆಲಸ ಕೆಡುತ್ತದೆ. ಮೀನಿನ ಯಕೃತ್ತಿನ ಎಣ್ಣೆಯಲ್ಲಿ ಡಿ ಜೊತೆ ಎ ಜೀವಸತ್ವವೂ ಇರುತ್ತದೆ. ಎ ಅತಿಯಾದರೆ ಮೂಳೆಗೇ ಹಾನಿ. 'ಆರೋಗ್ಯ ಪೂರಕ' ಎಂದು ಆಹಾರ ಪರವಾನಗಿಯಲ್ಲಿ ಮಾರುವ ಡಬ್ಬಿಯ ಮೇಲೆ, ಇದು ಔಷಧವಾಗಿ ಬಳಸುವುದಕ್ಕಲ್ಲ ಎಂಬ ಸಾಲನ್ನು ಕಾನೂನಿನಂತೆ ಅವರೇ ಅಚ್ಚು ಹಾಕಿರುತ್ತಾರೆ. ಅದನ್ನೂ ಓದಬಹುದು. ಜನೌಷಧಿ ಅಂಗಡಿಯ ಸಾದಾ ಕಾರ್ಬೊನೇಟ್ ಮಾತ್ರೆಯಲ್ಲಿ ಇಲ್ಲದ್ದು, ಬೇಕಾದ್ದು, ಈ ದುಬಾರಿ ಡಬ್ಬಿಗಳಲ್ಲಿ ನನಗೇನೂ ಕಾಣಲಿಲ್ಲ.

ನನ್ನ ಇನ್ನೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಅಕ್ಕನಿಗೆ ಥೈರಾಯಿಡಿನ ಮಾತ್ರೆಯೂ ಇತ್ತು. ಮರೆಯಬಾರದೆಂದು ವಾರದ ದಿನಗಳ ಹೆಸರಿದ್ದ ಡಬ್ಬಿಯೊಂದನ್ನು ತಂದು ಅದನ್ನೂ ಕ್ಯಾಲ್ಸಿಯಮ್ಮನ್ನೂ ಒಂದೇ ಖಾನೆಯಲ್ಲಿ ಹಾಕಿಟ್ಟವನು ನಾನು. ಎರಡನ್ನೂ ಒಟ್ಟಿಗೆ ನುಂಗಿದರೆ ಕ್ಯಾಲ್ಸಿಯಂ ಥೈರಾಯಿಡ್ ಮಾತ್ರೆಯನ್ನು ಹಿಡಿದಿಟ್ಟು ಒಳಗೆ ಬಿಡುವುದಿಲ್ಲ. ನಾಲ್ಕು ಗಂಟೆಯ ಅಂತರ ಬೇಕು. ಪರೀಕ್ಷೆಯಲ್ಲಿ ಥೈರಾಯಿಡ್ ಸಾಲದೆಂದು ಬಂದು ಎರಡು ಸಲ ಅದರ ಪ್ರಮಾಣ ಏರಿಸಿದ್ದರು. ಕಾರಣ ಡಬ್ಬಿಯ ಖಾನೆಯಲ್ಲಿತ್ತು. ಕಬ್ಬಿಣದ ಮಾತ್ರೆಗೂ, ಕೆಲವು ಸೋಂಕುನಾಶಕಗಳಿಗೂ ಇದೇ ನಿಯಮ.

ಒಮ್ಮೆ ಹೀಗೆ ಮುರಿದ ಮೇಲೆ ಪೂರಕ ಮಾತ್ರೆಯೇ ಚಿಕಿತ್ಸೆಯಲ್ಲ. ಡೆಕ್ಸಾ ಎಂಬ ಪರೀಕ್ಷೆಯಲ್ಲಿ ಅಕ್ಕನ ಅಂಕಿ ಮೈನಸ್ ಎರಡೂವರೆಗಿಂತ ಬಹಳ ಕೆಳಗಿತ್ತು. ಮೂಳೆ ಕರಗುವುದನ್ನು ತಡೆಯುವ, ವರ್ಷಕ್ಕೊಮ್ಮೆ ರಕ್ತನಾಳಕ್ಕೆ ಕೊಡುವ ಔಷಧವನ್ನು ಈಗ ಕೊಡುತ್ತಿದ್ದಾರೆ. ಅದನ್ನು ಕೊಡುವ ಮೊದಲು ಡಿ ಮತ್ತು ಕ್ಯಾಲ್ಸಿಯಂ ಕೊರತೆಯನ್ನು ತುಂ‌ಬಿಸಲೇಬೇಕು. ಇಲ್ಲವಾದರೆ ರಕ್ತದ ಕ್ಯಾಲ್ಸಿಯಂ ಕುಸಿಯುತ್ತದೆ. ಬಚ್ಚಲಿನ ಹೊಸ್ತಿಲನ್ನು ಒಡೆಸಿ, ಗೋಡೆಗೆ ಹಿಡಿಯನ್ನು ಹಾಕಿಸಿದ್ದೇವೆ.

ಒಂದು ದಿನ ಈ ಲೆಕ್ಕವನ್ನೆಲ್ಲ ಅಕ್ಕನ ಮುಂದೆ ಹೇಳಿ, ತಪ್ಪು ನನ್ನದೆಂದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀ ತಂದ್ಕೊಟ್ಟಿದ್ದು ಅಂತ ನುಂಗ್ತಿದ್ದೆ ಕಣೋ. ನಂಗೇನ್ ಗೊತ್ತು ಅದ್ರಾಗೆ ಎಷ್ಟೈತೆ ಅಂತ. ಮುದ್ದೆ ಮಾಡ್ಸಿ ಅಂದಿದ್ರೆ ಆಗ್ತಿತ್ತಲ್ಲ" ಎಂದಳು.

ಈಗ ಬೆಳಗ್ಗೆ ಆರಕ್ಕೆ ಥೈರಾಯಿಡ್ ಮಾತ್ರೆ. ಹನ್ನೊಂದು ಗಂಟೆಗೆ ಕೋಲೂರಿಕೊಂಡು ಅಂಗಳಕ್ಕೆ ಬಂದು ತೋಳು ಕಾಣುವಂತೆ ಸ್ವಲ್ಪ ಹೊತ್ತು ಕುಳಿತುಕೊಳ್ಳುತ್ತಾಳೆ. ಮಧ್ಯಾಹ್ನ ಒಂದು ಮುದ್ದೆ, ಹುರುಳಿ ಸಾರೋ ನುಗ್ಗೆಸೊಪ್ಪಿನ ಸಾರೋ, ಗಟ್ಟಿ ಮೊಸರು. ಅದರ ಮೇಲೆ ೫೦೦ರ ಒಂದೇ ಒಂದು ಕಾರ್ಬೊನೇಟ್ ಮಾತ್ರೆ, ಡಿ ಸಹಿತ. ಮುದ್ದೆ ತೊಳಸುವುದನ್ನು ಮಗಳು ಕಲಿತಿದ್ದಾಳೆ. ಮೊದಮೊದಲು ಗಂಟುಗಂಟಾಗುತ್ತಿತ್ತಂತೆ.